ಮಕ್ಕಳ ಆರೋಗ್ಯ ಸಂಶೋಧನೆಗೆ ಮನಶ್ಶಾಸ್ತ್ರಜ್ಞರನ್ನು ಮೊದಲ ದಿನವೇ ಕರೆಯಿರಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆ. ಮಕ್ಕಳ ಆರೋಗ್ಯದ ಸಂಶೋಧನೆಗೆ ಸರ್ಕಾರ ಹಣ ಕೊಡುವ ರೀತಿಯ ಬಗ್ಗೆ ಈ ಪತ್ರ. ವೈದ್ಯರೂ ನನ್ನಂಥವರೂ ಇದನ್ನು ಓದಿ ಜಗಳಕ್ಕೆ ಬರಲಿ ಅಂತಲೇ ಎಲ್ಲರ ಎದುರು ಬರೆಯುತ್ತಿದ್ದೇನೆ.

ಈಗ ಸಾಮಾನ್ಯವಾಗಿ ನಡೆಯುವುದು ಹೀಗೆ. ವೈದ್ಯರ ತಂಡ ಒಂದು ಅಧ್ಯಯನ ಯೋಚಿಸುತ್ತದೆ. ಏನನ್ನು ಕೇಳಬೇಕು, ಏನನ್ನು ಅಳೆಯಬೇಕು, ಎಷ್ಟು ಮಕ್ಕಳು, ಎಷ್ಟು ವರ್ಷ, ಎಲ್ಲಾ ನಿರ್ಧಾರ ಆಗಿರುತ್ತದೆ. ಅರ್ಜಿ ಕಳಿಸುವ ದಿನ ಹತ್ತಿರ ಬಂದಾಗ ನಮಗೆ ಫೋನ್ ಬರುತ್ತದೆ. 'ಮಗುವಿನ ಮನಸ್ಥಿತಿಯದ್ದು ಒಂದು ಪ್ರಶ್ನಾವಳಿ ಸೇರಿಸಿಬಿಡಿ, ಚಿಕ್ಕದಿರಲಿ.' ಸೇರಿಸುತ್ತೇವೆ. ವರದಿಯಲ್ಲಿ ಅದು ಒಂದು ಸಾಲಾಗುತ್ತದೆ. ಇದಕ್ಕೆ ಸಹಯೋಗ ಅಂತ ಹೆಸರು.

ನಮಗೆ ಬೇಜಾರಾಯಿತು ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಸಂಶೋಧನೆಯೇ ತಪ್ಪು ಉತ್ತರ ಕೊಡುತ್ತದೆ, ಅದು ವಿಷಯ.

ಆಸ್ತಮಾ ಇರುವ ಮಗುವಿಗೆ ಇನ್‌ಹೇಲರ್ ಕೊಟ್ಟರು ಅಂದುಕೊಳ್ಳಿ. ಕೆಲವು ತಿಂಗಳಾದರೂ ಉಬ್ಬಸ ಇಳಿದಿಲ್ಲ. ಔಷಧಿ ಕೆಲಸ ಮಾಡಲಿಲ್ಲವೋ, ಮಗು ಅದನ್ನು ತೆಗೆದುಕೊಳ್ಳಲೇ ಇಲ್ಲವೋ? ಎರಡನೆಯದನ್ನು ಅಳೆಯದಿದ್ದರೆ ಡೋಸ್ ಏರುತ್ತದೆ, ಇನ್ನೂ ಬಲವಾದ ಔಷಧಿ ಬರುತ್ತದೆ. ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಮಕ್ಕಳಲ್ಲಿ ಕಥೆ ಇನ್ನೂ ಜಟಿಲ. ಔಷಧಿ ಕೊಡಬೇಕಾದವರು ಒಬ್ಬರು, ನುಂಗಬೇಕಾದವರು ಇನ್ನೊಬ್ಬರು. ಹದಿಹರೆಯಕ್ಕೆ ಬಂದ ಮೇಲಂತೂ ಕೇಳುವುದೇ ಬೇಡ.

ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಇದು ಜೀವದ ಪ್ರಶ್ನೆ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇರುವ ಮಕ್ಕಳು ಚಿಕಿತ್ಸೆಯ ಕೊನೆಯ ಹಂತದಲ್ಲಿ ಮರ್ಕ್ಯಾಪ್ಟೋಪ್ಯೂರಿನ್ ಮಾತ್ರೆಯನ್ನು ಮನೆಯಲ್ಲೇ ದಿನಾ ತೆಗೆದುಕೊಳ್ಳಬೇಕು, ಅದೂ ವರ್ಷಕ್ಕಿಂತ ಜಾಸ್ತಿ ಕಾಲ. ಅಮೆರಿಕದ ಸಂಶೋಧಕರು ಬಾಟಲಿಯ ಮುಚ್ಚಳಕ್ಕೇ ಚಿಪ್ ಇಟ್ಟು, ಯಾವತ್ತು ಎಷ್ಟು ಹೊತ್ತಿಗೆ ತೆರೆದರು ಎಂದು ದಾಖಲಿಸಿದರು. ಶೇ 95ಕ್ಕಿಂತ ಕಡಿಮೆ ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಮಾತ್ರೆ ತಪ್ಪಿದ್ದನ್ನು ಚಿಪ್ ಹೇಳುತ್ತದೆ. ಯಾಕೆ ತಪ್ಪಿತು, ಆ ಮನೆಯಲ್ಲಿ ಏನನ್ನು ಬದಲಿಸಿದರೆ ತಪ್ಪುವುದಿಲ್ಲ ಅನ್ನುವುದನ್ನು ಹುಡುಕುವುದು ನಮ್ಮ ಕೆಲಸ.

ಇದೇ ಕಾಯಿಲೆಯ ಇನ್ನೊಂದು ಅಧ್ಯಾಯವನ್ನು ನಿಮ್ಮ ಅಧಿಕಾರಿಗಳು ಓದಲೇಬೇಕು. ಕ್ಯಾನ್ಸರ್ ಮಿದುಳಿಗೆ ಹೋಗದಿರಲಿ ಎಂದು ಒಂದು ಕಾಲದಲ್ಲಿ ಈ ಮಕ್ಕಳ ತಲೆಗೆ ವಿಕಿರಣ ಕೊಡುತ್ತಿದ್ದರು. ಅದರಿಂದ ಎಷ್ಟೋ ಮಕ್ಕಳು ಬದುಕಿದರು. ಆದರೆ ಬದುಕಿದ ಮಕ್ಕಳನ್ನು ವರ್ಷಗಳ ನಂತರ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡಿತು. ಗಮನ ನಿಲ್ಲುತ್ತಿರಲಿಲ್ಲ, ಯೋಚನೆಯ ವೇಗ ಕುಸಿದಿತ್ತು, ಲೆಕ್ಕ ಕಷ್ಟವಾಗುತ್ತಿತ್ತು. ಚಿಕ್ಕ ವಯಸ್ಸಿನಲ್ಲೇ ವಿಕಿರಣ ಪಡೆದವರಲ್ಲಿ ಇದು ಇನ್ನೂ ಜಾಸ್ತಿ. ರಕ್ತದ ವರದಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆ ವರದಿಯ ಪ್ರಕಾರ ಮಗು ಗುಣವಾಗಿದೆ! ಈ ಫಲಿತಾಂಶಗಳನ್ನು ಕ್ಯಾನ್ಸರ್ ವೈದ್ಯರು ಗಂಭೀರವಾಗಿ ತೆಗೆದುಕೊಂಡರು. ವಿಕಿರಣ ಇಳಿಸುತ್ತಾ, ಬೆನ್ನುಹುರಿಯ ದ್ರವಕ್ಕೆ ಔಷಧಿ ಕೊಡುವುದನ್ನು ಹೆಚ್ಚಿಸುತ್ತಾ ಬಂದರು. ಅಮೆರಿಕದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ 498 ಮಕ್ಕಳಲ್ಲಿ ಯಾರಿಗೂ ಮುನ್ನೆಚ್ಚರಿಕೆಯ ವಿಕಿರಣ ಕೊಡದೆ ಚಿಕಿತ್ಸೆ ಮಾಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಐದು ವರ್ಷ ಬದುಕುಳಿಯುವ ಪ್ರಮಾಣ ಶೇ 93 ದಾಟಿತ್ತು.

ಇಲ್ಲಿ ಯಾರು ಯಾರಿಗೂ ಉಪಕಾರ ಮಾಡಲಿಲ್ಲ. ನಾವು ಅಳೆಯದಿದ್ದರೆ ಹಾನಿ ಕಾಣುತ್ತಿರಲಿಲ್ಲ, ಅವರು ಪ್ರಯೋಗ ಮಾಡದಿದ್ದರೆ ಬದಲಿ ದಾರಿ ಸಿಗುತ್ತಿರಲಿಲ್ಲ.

ಹಾಗಂತ ನಮ್ಮವರನ್ನೂ ಸುಮ್ನೆ ಬಿಡುವ ಹಾಗಿಲ್ಲ. ತಾಯಿ ತುಂಬಿಸಿದ ಒಂದು ಪ್ರಶ್ನಾವಳಿ, ಬೆರಳೆಣಿಕೆಯಷ್ಟು ಮಕ್ಕಳು, ಮೇಲೊಂದು ದೊಡ್ಡ ತೀರ್ಮಾನ. ಇಂಥ ಪ್ರಬಂಧಗಳು ನಮ್ಮಲ್ಲಿ ಧಾರಾಳವಾಗಿವೆ. ಲ್ಯುಕೇಮಿಯಾಕ್ಕೆ ಕೊಡುವ ಸ್ಟೀರಾಯ್ಡ್‌ನಿಂದಲೇ ಮಗು ಸಿಡುಕುತ್ತದೆ, ನಿದ್ದೆಗೆಡುತ್ತದೆ. ಇದು ಗೊತ್ತಿಲ್ಲದ ಮನಶ್ಶಾಸ್ತ್ರಜ್ಞರು ಅದನ್ನು ನಡವಳಿಕೆಯ ಸಮಸ್ಯೆ ಅಂತ ಬರೆದುಬಿಡುತ್ತಾರೆ. ವೈದ್ಯರು ಪಕ್ಕದಲ್ಲಿದ್ದರೆ ಇಂಥ ತಪ್ಪು ಒಂದೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

1965ರಲ್ಲಿ ಜೆರೋಮ್ ಕೇಗನ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ವೈದ್ಯಶಾಸ್ತ್ರ ಮತ್ತು ಮನಶ್ಶಾಸ್ತ್ರದ ನಂಟನ್ನು ಹೊಸ ಮದುವೆ ಅಂತ ಕರೆದಿದ್ದರು. ಮದುವೆಯಾಗಿ ಅರವತ್ತು ವರ್ಷ ಕಳೆದರೂ ಎಷ್ಟೋ ಕಡೆ ದಂಪತಿ ಇನ್ನೂ ಬೇರೆ ಬೇರೆ ಕಟ್ಟಡದಲ್ಲೇ ಇದ್ದಾರೆ. ಪ್ರೀತಿ ಇಲ್ಲ ಅಂತಲ್ಲ, ಹಣ ಬರುವ ದಾರಿಗಳು ಬೇರೆ. ಬಡ್ತಿ ಕೊಡುವ ಸಮಿತಿಗಳೂ ಬೇರೆ. ಇನ್ನೊಂದು ವಿಭಾಗದ ಜೊತೆ ಸೇರಿ ಮಾಡಿದ ಕೆಲಸಕ್ಕೆ ಎರಡೂ ಕಡೆ ಅರ್ಧ ಅಂಕ.

ಇದನ್ನು ಬದಲಿಸುವುದು ನಿಮ್ಮ ಕೈಯಲ್ಲಿದೆ. ಮಗುವಿನ ಕಲಿಕೆ, ನೋವು, ಭಯ ಅಥವಾ ಮನೆಯಲ್ಲಿ ನಡೆಯುವ ಆರೈಕೆ ಒಳಗೊಂಡ ಅಧ್ಯಯನಕ್ಕೆ ಎರಡೂ ವಿಭಾಗದಿಂದ ತಲಾ ಒಬ್ಬ ಮುಖ್ಯ ಸಂಶೋಧಕರು ಇರಲೇಬೇಕು ಎಂಬ ನಿಯಮ ಮಾಡಿ. ಎಲ್ಲದಕ್ಕೂ ಬೇಡ. ಲಸಿಕೆಯನ್ನು ಎಷ್ಟು ತಣ್ಣಗಿಡಬೇಕು ಅನ್ನುವ ಅಧ್ಯಯನದಲ್ಲಿ ನಮಗೇನು ಕೆಲಸ? ಅರ್ಜಿ ಬರೆಯುವ ಮೊದಲು ಇಬ್ಬರೂ ಕೂತು ಪ್ರಶ್ನೆ ರೂಪಿಸಲು ಆರು ತಿಂಗಳ ಸಣ್ಣ ಅನುದಾನ ಕೊಡಿ. ಅರ್ಜಿ ಪರಿಶೀಲಿಸುವ ಸಮಿತಿಯಲ್ಲೂ ಎರಡೂ ಕಡೆಯವರು ಕೂರಲಿ.

ಎಲ್ಲಕ್ಕಿಂತ ಮುಖ್ಯವಾಗಿ ಅವಧಿ ನೋಡಿ. ವಿಕಿರಣದ ಹಾನಿ ಕಾಣಿಸಿದ್ದು ವರ್ಷಗಳ ನಂತರ, ಮಕ್ಕಳು ಮೇಲಿನ ತರಗತಿಗೆ ಹೋದ ಮೇಲೆ. ಮೂರು ವರ್ಷಕ್ಕೆ ಹಣ ನಿಂತುಹೋಗುವ ಯೋಜನೆಗೆ ಅದು ಕಾಣುವುದೇ ಇಲ್ಲ, ಅಲ್ವಾ? ಆ ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಬೇಕಾದ ಮನಶ್ಶಾಸ್ತ್ರಜ್ಞರ ಕೆಲಸ ಯೋಜನೆಯ ಜೊತೆಗೇ ಮುಗಿಯುವ ಗುತ್ತಿಗೆಯಾಗಿರಬಾರದು. ಆಸ್ಪತ್ರೆಯಲ್ಲೇ ಕಾಯಂ ಹುದ್ದೆಗಳು ಬೇಕು. ಇದಕ್ಕೆ ಖರ್ಚು ಜಾಸ್ತಿ, ಗೊತ್ತು. ಮಿಕ್ಕಿದ್ದನ್ನೆಲ್ಲ ಒಂದು ಸುತ್ತೋಲೆಯಲ್ಲಿ ಮಾಡಬಹುದು.

ಮುಂದಿನ ಸಲ ಅರ್ಜಿ ಕರೆಯುವ ಮುನ್ನ ಆ ನಮೂನೆಯ ಕರಡನ್ನು ಒಬ್ಬ ಮಕ್ಕಳ ವೈದ್ಯರಿಗೂ ಒಬ್ಬ ಮನಶ್ಶಾಸ್ತ್ರಜ್ಞರಿಗೂ ಒಟ್ಟಿಗೆ ತೋರಿಸಿ. ಕರೆದರೆ ನಾನೂ ಬರುತ್ತೇನೆ, ನನ್ನ ಜೊತೆ ಕೆಲಸ ಮಾಡುವ ವೈದ್ಯರನ್ನೂ ಕರೆತರುತ್ತೇನೆ.

ಇಂತಿ,
ಒಬ್ಬ ಮಕ್ಕಳ ಮನಶ್ಶಾಸ್ತ್ರಜ್ಞೆ