ಮಳೆಗಾಲದಲ್ಲೂ ಮಕ್ಕಳು ಆಡಲು ಒಂದು ಮಾಡು (ಸೂರು) ಬೇಕು: ಶಿಕ್ಷಣ ಸಚಿವರಿಗೆ ಮಲೆನಾಡಿನ ಪೋಷಕನ ಬಹಿರಂಗ ಪತ್ರ

ಸನ್ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮಲೆನಾಡಿನ ಸಣ್ಣ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಣಕ್ಕೆ ಶಿಕ್ಷಕರು, ಸೂರು ಮತ್ತು ಋತುಮಾನಕ್ಕೆ ಹೊಂದುವ ವೇಳಾಪಟ್ಟಿ ಒದಗಿಸುವ ಕುರಿತು.

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವನು. ನನ್ನ ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ, ಮಗ ಒಂದನೇ ತರಗತಿ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ನಾನೂ ಒಬ್ಬ ಸದಸ್ಯ. ಶಾಲೆಯ ಗೋಡೆಗೆ ಅಂಟಿಸಿರುವ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಕಡೆ ದೈಹಿಕ ಶಿಕ್ಷಣ ಎಂದು ಬರೆದಿದೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಇವತ್ತು ಆಟದ ಪೀರಿಯಡ್ಡಿನಲ್ಲಿ ಏನು ಮಾಡಿದಿರಿ ಎಂದು ಮಗಳನ್ನು ಕೇಳಿದೆ. "ಮಳೆ ಅಲ್ವಾ ಅಪ್ಪಯ್ಯ, ಕೈ ಕಟ್ಟಿ ಕೂತಿದ್ವಿ" ಎಂದಳು. ಜೂನ್ ಎರಡನೇ ವಾರದಿಂದ ಹೀಗೇ ನಡೆದಿದೆ ಎಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಈ ಪತ್ರ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ದಿನವೇ.

ಇದರಲ್ಲಿ ಶಿಕ್ಷಕರ ತಪ್ಪು ಹುಡುಕುವುದು ಅನ್ಯಾಯವಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ಶಾಲೆಗೆ ಇರುವವರು ಇಬ್ಬರು. ಒಬ್ಬರು ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ನಡೆಸುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದನೇ ತರಗತಿಯ ಎಲ್ಲ ವಿಷಯಗಳ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಇಬ್ಬರಲ್ಲಿ ಯಾರೂ ದೈಹಿಕ ಶಿಕ್ಷಣದಲ್ಲಿ ತರಬೇತಿ ಪಡೆದವರಲ್ಲ. ಬಿಸಿಲಿರುವ ದಿನಗಳಲ್ಲಿ ಅವರು ಮಕ್ಕಳನ್ನು ಬಯಲಿಗೆ ಬಿಟ್ಟು, ಯಾರೂ ಬಿದ್ದು ಪೆಟ್ಟು ಮಾಡಿಕೊಳ್ಳದಂತೆ ಕಾಯುತ್ತಾರೆ. ಅವರಿಂದ ಅದಕ್ಕಿಂತ ಹೆಚ್ಚನ್ನು ಕೇಳುವ ಮುಖ ನಮಗಿಲ್ಲ.

ಕೊರತೆ ಇರುವುದು ವ್ಯವಸ್ಥೆಯಲ್ಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು, ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಗ್ರಿ ಒದಗಿಸಬೇಕೆಂದು ಹೇಳುತ್ತದೆ. ಆದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವಾಗ, ಅದು ಆರರಿಂದ ಎಂಟನೇ ತರಗತಿಯವರೆಗಿನ, 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಮಾತ್ರ ಎಂದಿದೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಅಂಥ ಬೋಧಕರನ್ನು ಕಾಯ್ದೆ ಹೆಸರಿಸುವುದೇ ಇಲ್ಲ. ಮಲೆನಾಡಿನಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು ಚದುರಿಕೊಂಡಿರುವುದರಿಂದ ಇಪ್ಪತ್ತು, ಮೂವತ್ತು ಮಕ್ಕಳ ಶಾಲೆಗಳೇ ಸಹಜ. ನಮ್ಮ ಶಾಲೆಯಲ್ಲಿ ಈಗ 34 ಮಕ್ಕಳಿದ್ದಾರೆ. ಮಕ್ಕಳ ತಲೆ ಎಣಿಸಿಯೇ ಹುದ್ದೆ ಕೊಡುವುದಾದರೆ ನಮ್ಮ ಸರದಿ ಎಂದಿಗೂ ಬರುವುದಿಲ್ಲ. ಹಾಗೆಂದು ಮೈಗೆ ಕಲಿಸಬೇಕಾದ್ದನ್ನು ಆರನೇ ತರಗತಿಯವರೆಗೆ ಮುಂದೂಡುವುದೂ ಸರಿಯಲ್ಲ. ಓಡುವುದು, ಜಿಗಿದು ಸರಿಯಾಗಿ ನೆಲ ಮುಟ್ಟುವುದು, ಎಸೆಯುವುದು, ಹಿಡಿಯುವುದು, ಒಂಟಿ ಕಾಲಿನಲ್ಲಿ ಸಮತೋಲ ಕಾಯ್ದುಕೊಳ್ಳುವುದು ಇವೆಲ್ಲ ಆರರಿಂದ ಹತ್ತು ವರ್ಷದೊಳಗೆ ಚೆನ್ನಾಗಿ ಕೂಡಿಬರುವ ಕೌಶಲಗಳು. ಅಕ್ಷರವನ್ನು ತಿದ್ದಿಸುವ ಹಾಗೆ ಇವನ್ನೂ ತಿದ್ದಿಸಬೇಕಾಗುತ್ತದೆ.

ಹಳ್ಳಿ ಮಕ್ಕಳಿಗೆ, ಅದರಲ್ಲೂ ಗುಡ್ಡ ಹತ್ತಿಳಿಯುವ ಮಲೆನಾಡಿನ ಮಕ್ಕಳಿಗೆ, ಡ್ರಿಲ್ ಯಾಕೆ ಎಂದು ಕೇಳುವವರು ನಮ್ಮೂರಿನಲ್ಲೂ ಇದ್ದಾರೆ. ನಾನು ಚಿಕ್ಕವನಿದ್ದಾಗ ಅದು ಒಪ್ಪತಕ್ಕ ಮಾತಾಗಿತ್ತು. ಕಾಲುಸಂಕ ದಾಟಿ, ತೋಟದ ಬದುವಿನ ಮೇಲೆ ನಡೆದು, ಮೂರು ಮೈಲಿ ಹೋಗಿ ಬರುತ್ತಿದ್ದೆವು. ದಾರಿಯಲ್ಲೇ ಮರಕೋತಿ, ಲಗೋರಿ, ಚಿನ್ನಿದಾಂಡು ಆಗಿಹೋಗುತ್ತಿತ್ತು. ಈಗ ದೂರದ ಮಕ್ಕಳು ಬಾಡಿಗೆ ಜೀಪಿನಲ್ಲೋ ಅಪ್ಪನ ಬೈಕಿನಲ್ಲೋ ಬರುತ್ತಾರೆ, ಹಾಗೆ ಬರುವುದೇ ಸುರಕ್ಷಿತ ಕೂಡ. ಸಂಜೆ ಮನೆಗೆ ಬಂದರೆ ಜೊತೆಗೆ ಆಡಲು ಪಕ್ಕದ ಮನೆಯಲ್ಲಿ ಮಗುವಿಲ್ಲ, ಪಕ್ಕದ ಮನೆಯೇ ಅರ್ಧ ಮೈಲಿ ಆಚೆ. ಕೈಗೆ ಸಿಗುವುದು ಮೊಬೈಲ್. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಷ್ಟು ಚಟುವಟಿಕೆ ಮಾಡಬೇಕೆಂದು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥ ಆಟ ಇರಬೇಕೆಂದು ಹೇಳುತ್ತದೆ. ವಾರಕ್ಕೆ 420 ನಿಮಿಷವಾಯಿತು. ನಮ್ಮ ವೇಳಾಪಟ್ಟಿಯ 40 ನಿಮಿಷಗಳ ಎರಡು ಪೀರಿಯಡ್ ಪೂರ್ತಿ ಸಿಕ್ಕರೂ 80 ನಿಮಿಷ. ಮಳೆಗಾಲದಲ್ಲಿ ಅದೂ ಇಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದೀರಿ, ಈಚೆಗೆ ಮೊಟ್ಟೆಯೂ ಸೇರಿದೆ. ಇದಕ್ಕಾಗಿ ನಾವು ಮನಸಾರೆ ಕೃತಜ್ಞರು. ತಿಂದ ಆಹಾರ ಮೈಗೆ ಹತ್ತಬೇಕಾದರೆ ಮಗು ಓಡಾಡಲೂ ಬೇಕಲ್ಲವೇ?

ಮಳೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಏಕೆಂದರೆ ಬೆಂಗಳೂರಿನಲ್ಲಿ ಕೂತು ಮಾಡುವ ವಾರ್ಷಿಕ ಯೋಜನೆಯಲ್ಲಿ ಮಳೆ ಎಂದರೆ ಒಂದೆರಡು ದಿನದ ಅಡಚಣೆ. ನಮಗೆ ಅದು ಹತ್ತು ತಿಂಗಳ ಶಾಲಾ ವರ್ಷದ ನಾಲ್ಕು ತಿಂಗಳು. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆಯ ಬಯಲು ಜಂಬಿಟ್ಟಿಗೆ ನೆಲ. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿ, ದೊಡ್ಡವರೇ ಕೈ ಹಿಡಿದು ದಾಟುವ ಸ್ಥಿತಿ ಬರುತ್ತದೆ. ಮಳೆ ನಿಂತ ಮೇಲೂ ಅದು ಓಡಲು ಯೋಗ್ಯವಾಗಲು ಅಕ್ಟೋಬರ್ ಬೇಕು. ವಿಪರೀತ ಮಳೆಗೆ ಜಿಲ್ಲಾಡಳಿತ ರಜೆ ಘೋಷಿಸಿದರೆ, ಆ ದಿನಗಳನ್ನು ಮುಂದೆ ಶನಿವಾರ ಪೂರ್ಣ ದಿನ ಶಾಲೆ ನಡೆಸಿ ತುಂಬಿಸಬೇಕಾಗುತ್ತದೆ. ಆಗ ಮೊದಲು ಕೈಬಿಡುವುದು ಶನಿವಾರ ಬೆಳಗಿನ ಕವಾಯತನ್ನು. ಹೀಗೆ ಮಳೆ ಹೋದ ಮೇಲೂ ಮಕ್ಕಳ ಆಟವೇ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರವನ್ನು ನಮ್ಮ ಜನ ಬೇರೆ ವಿಷಯದಲ್ಲಿ ಎಂದೋ ಕಂಡುಕೊಂಡಿದ್ದಾರೆ. ಕೊಯ್ಲಿನ ಹೊತ್ತಿಗೆ ಮಳೆ ಬಿಡದಿದ್ದರೆ ಅಡಿಕೆ ಹಾಳಾಗುತ್ತದೆಂದು ಇಂದು ಸಾಮಾನ್ಯ ರೈತನೂ ಅಂಗಳಕ್ಕೆ ಕಬ್ಬಿಣದ ಕಂಬ ನೆಟ್ಟು, ಬೆಳಕು ಬರುವ ಶೀಟು ಹೊದೆಸಿಕೊಂಡಿದ್ದಾನೆ. ಅಂಥದೇ ಒಂದು ಮಾಡು ಶಾಲೆಗೆ ಬೇಕು. ಸುತ್ತ ಗೋಡೆ ಬೇಡ. ಇರಚಲು ಹೊಡೆಯದಂತೆ ಮಾಡು ಸ್ವಲ್ಪ ಇಳಿಜಾರಾಗಿ ಹೊರಚಾಚಿದ್ದು, ನೆಲ ಜಾರದಂತಿದ್ದು, ನೀರು ಹರಿದುಹೋಗಲು ಚರಂಡಿ ಇದ್ದರೆ ಸಾಕು. ಗಂಡಸರ ಕಬಡ್ಡಿ ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲ ಇರುತ್ತದೆ. ಮಕ್ಕಳಿಗೆ ಅದಕ್ಕಿಂತ ಚಿಕ್ಕ ಅಂಕಣ ಸಾಕಾಗುವುದರಿಂದ, ಅಷ್ಟು ಅಳತೆಯ ಮಾಡಿನ ಕೆಳಗೆ 34 ಮಕ್ಕಳು ಸರದಿಯಲ್ಲಿ ಕುಂಟೆಬಿಲ್ಲೆ, ಹಗ್ಗಜಿಗಿತ, ಕಬಡ್ಡಿ, ಯೋಗ, ಕೋಲಾಟ ಎಲ್ಲವನ್ನೂ ಮಾಡಬಹುದು. ಸಾಗರ, ಸೊರಬದ ಕಡೆ ಡೊಳ್ಳು ಕುಣಿತದ ತಂಡಗಳಿವೆ. ಡೊಳ್ಳಿನ ಒಂದು ಸುತ್ತು ಕುಣಿದವರಿಗೆ ಅದು ಎಂಥ ಕಸರತ್ತು ಎಂಬುದು ಗೊತ್ತು. ಮಳೆಗಾಲದ ದೈಹಿಕ ಶಿಕ್ಷಣದಲ್ಲಿ ಅದಕ್ಕೂ ಜಾಗ ಇರಲಿ ಎಂಬುದು ನನ್ನ ಸ್ವಂತ ಆಸೆ. ಈ ಮಾಡುಗಳಿಗೆ ಹಣ ಹೊಂದಿಸಲು ಶಿವಮೊಗ್ಗದಲ್ಲೇ ಕೇಂದ್ರ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ. ಇಲಾಖೆ ಒಂದು ಸರಳ ನಕ್ಷೆ ಮತ್ತು ಅಂದಾಜು ಪಟ್ಟಿ ಸಿದ್ಧಪಡಿಸಿಕೊಟ್ಟರೆ ಕೆಲಸ ಅರ್ಧ ಹಗುರಾಗುತ್ತದೆ. ಹಲವು ಶಾಲೆಗಳ ಜಾಗ ಇನ್ನೂ ಶಾಲೆಯ ಹೆಸರಿಗೆ ಖಾತೆಯಾಗಿಲ್ಲ, ಕೆಲವು ಅರಣ್ಯದ ಗಡಿಗೆ ತಾಗಿಕೊಂಡಿವೆ. ಕಂಬ ನೆಡುವ ಮೊದಲು ಕಂದಾಯ ಮತ್ತು ಅರಣ್ಯ ಇಲಾಖೆಗಳೊಂದಿಗೆ ಕೂತು ಅದನ್ನು ಬಗೆಹರಿಸಲು ತಮ್ಮ ಮಟ್ಟದಲ್ಲಿ ಸೂಚನೆ ಹೋಗಬೇಕು.

ಇನ್ನು ಕ್ರೀಡಾಕೂಟಗಳ ವಿಚಾರ. ನಮ್ಮ ಭಾಗದಲ್ಲಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮತ್ತು ಹೋಬಳಿ ಮಟ್ಟದ ಕೂಟಗಳು ಬರುವುದು ಹೆಚ್ಚಾಗಿ ಆಗಸ್ಟ್ ಆಸುಪಾಸಿನಲ್ಲಿ. ಜೂನ್‌ನಿಂದ ಒಂದು ದಿನವೂ ಓಡದ ಮಕ್ಕಳನ್ನು ಕೆಸರಿನಲ್ಲಿ ಓಟಕ್ಕೆ ನಿಲ್ಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿನ ಹಂತಕ್ಕೆ ಹೋಗುವ ದೊಡ್ಡ ಮಕ್ಕಳ ಸ್ಪರ್ಧೆಗಳ ದಿನಾಂಕ ಬದಲಿಸುವುದು ಕಷ್ಟವೆಂದು ಬಲ್ಲೆ. ಒಂದರಿಂದ ಐದನೇ ತರಗತಿಯವರಿಗಾದರೂ ಮಲೆನಾಡಿನ ತಾಲ್ಲೂಕುಗಳಲ್ಲಿ ಡಿಸೆಂಬರ್, ಜನವರಿಯಲ್ಲಿ ಪ್ರತ್ಯೇಕವಾದ ಆಟದ ದಿನವನ್ನು ಇಡಬಹುದು. ಅದು ಗೆಲ್ಲುವ ನಾಲ್ಕು ಮಕ್ಕಳಿಗಷ್ಟೇ ಅಲ್ಲದೆ ಎಲ್ಲ ಮಕ್ಕಳಿಗೂ ಪಾಲಿರುವ ದಿನವಾಗಲಿ.

ಒಣ ತಿಂಗಳುಗಳಿಗೂ ನಮ್ಮಲ್ಲಿ ಒಂದು ಎಚ್ಚರಿಕೆ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ನಡುವೆ ಕಾಣಿಸಿಕೊಳ್ಳುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2019ರಲ್ಲಿ ಆದ ಸಾವುಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಅದನ್ನು ಹರಡುವ ಉಣುಗು ಕಾಡಂಚಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ ಇರುತ್ತದೆ, ನಮ್ಮ ಮಕ್ಕಳ ಚೆಂಡು ಹೋಗಿ ಬೀಳುವುದೂ ಅಲ್ಲಿಗೇ. ಆದ್ದರಿಂದ ಮೈದಾನದ ಸುತ್ತ ದರಗು ಗುಡಿಸಿ ತೆಗೆಯುವ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸುವುದು, ಕಾಡಿನ ಕಡೆಗೆ ಬೇಲಿ ಅಥವಾ ಬಲೆ ಕಟ್ಟುವುದು, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಶಾಲೆಗೂ ಸಕಾಲಕ್ಕೆ ತಲುಪುವುದು ದೈಹಿಕ ಶಿಕ್ಷಣದ ಯೋಜನೆಯಲ್ಲೇ ಸೇರಿರಬೇಕು.

ಮಾಡು ಕಟ್ಟಿದ ಮೇಲೆ ಅದರ ಕೆಳಗೆ ಕಲಿಸುವವರು ಬೇಕು. ಪ್ರತಿ ಸಣ್ಣ ಶಾಲೆಗೂ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರನ್ನು ಕೊಡಿ ಎಂದು ನಾನು ಕೇಳುತ್ತಿಲ್ಲ. ಒಂದು ಕ್ಲಸ್ಟರಿನ ಐದು ಶಾಲೆಗಳಿಗೆ ಒಬ್ಬರನ್ನು ನೇಮಿಸಿ, ಅವರು ದಿನಕ್ಕೊಂದು ಶಾಲೆಗೆ ಬರುವಂತೆ ಮಾಡಬಹುದು. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ಹೋಗುವ ಪದ್ಧತಿ ಇಲಾಖೆಯಲ್ಲಿ ಈಗಾಗಲೇ ಇದೆ. ಹಾಗೆ ಬಂದವರು ಆ ದಿನ ಎಲ್ಲ ಮಕ್ಕಳಿಗೂ ಪಾಠ ಮಾಡಿ, ಉಳಿದ ನಾಲ್ಕು ದಿನ ತರಗತಿ ಶಿಕ್ಷಕರು ನಡೆಸಬೇಕಾದ ಇಪ್ಪತ್ತು ನಿಮಿಷದ ಚಟುವಟಿಕೆಯನ್ನು ಬರೆದು, ಮಾಡಿ ತೋರಿಸಿ ಹೋದರೆ ಸಾಕು. ಗುಡ್ಡದ ದಾರಿಯಲ್ಲಿ ದಿನವೂ ಓಡಾಡುವವರಿಗೆ ಪ್ರಯಾಣ ಭತ್ಯೆ ಬೇಕಾಗುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರು ತಮ್ಮನ್ನು ಸಹ ಶಿಕ್ಷಕರೆಂದು ಪರಿಗಣಿಸಬೇಕೆಂದು, ದೈಹಿಕ ಶಿಕ್ಷಣದ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿ ಮಾಡಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದುದೆಂದು ನನಗನ್ನಿಸುತ್ತದೆ. ಶಾಲೆಯಲ್ಲಿ ಅವರಿಗೆ ಗೌರವವಿಲ್ಲದಿದ್ದರೆ ಅವರು ಕಲಿಸುವ ವಿಷಯಕ್ಕೂ ಸಿಗುವುದಿಲ್ಲ.

ತರಬೇತಿ ಪಡೆದವರು ಬಂದರೆ ಇನ್ನೊಂದು ಬದಲಾವಣೆಯೂ ಸಾಧ್ಯ. ಬಯಲಿಗೆ ಬಿಟ್ಟ ಮಕ್ಕಳಲ್ಲಿ ಬಲವಾದ ನಾಲ್ಕು ಹುಡುಗರು ಚೆಂಡು ಹಿಡಿಯುತ್ತಾರೆ, ಹೆಣ್ಣುಮಕ್ಕಳು ಜಗಲಿಯಲ್ಲಿ ಕೂರುತ್ತಾರೆ. ಕಾಲಿನ ತೊಂದರೆ ಇರುವ ಒಬ್ಬ ಹುಡುಗ ನಮ್ಮ ಶಾಲೆಯಲ್ಲಿದ್ದಾನೆ, ಅವನ ಕೆಲಸ ಎಲ್ಲರ ಚಪ್ಪಲಿ ಕಾಯುವುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರ ತಂಡವೂ ಗೆದ್ದಿತೆಂದು ಪತ್ರಿಕೆಯಲ್ಲಿ ಓದಿ ಹೇಳಿದಾಗ ಮಗಳು ಕೇಳಿದ್ದು, "ನಮಗೆ ಅದನ್ನ ಯಾರು ಹೇಳಿಕೊಡ್ತಾರೆ?" ಎಂದು. ಉತ್ತರ ಹೇಳಲು ನನ್ನಿಂದಾಗಲಿಲ್ಲ.

ಬರುವ ಶಾಲಾ ವರ್ಷ ಆರಂಭವಾಗುವ ಮೊದಲು ತೀರ್ಥಹಳ್ಳಿ, ಹೊಸನಗರ, ಸಾಗರದಂಥ ಹೆಚ್ಚು ಮಳೆಯ ತಾಲ್ಲೂಕುಗಳಲ್ಲಿ ಕೆಲವು ಕ್ಲಸ್ಟರುಗಳನ್ನಾದರೂ ಆರಿಸಿ, ಮಾಡು ಮತ್ತು ಸುತ್ತಾಡುವ ಶಿಕ್ಷಕರ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಶುರು ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ. ನಮ್ಮ ಊರಿನ ಮಟ್ಟಿಗೆ ಎಸ್‌ಡಿಎಂಸಿ ಸಭೆಯಲ್ಲಿ ಮಾತಾಡಿದ್ದೇವೆ: ನೆಲ ಸಮತಟ್ಟು ಮಾಡಲು, ಚರಂಡಿ ತೆಗೆಯಲು ಮನೆಗೊಬ್ಬರಂತೆ ಶ್ರಮದಾನಕ್ಕೆ ಬರುತ್ತೇವೆ, ಅಡಿಪಾಯಕ್ಕೆ ಬೇಕಾದ ಜಂಬಿಟ್ಟಿಗೆ ಕಲ್ಲನ್ನು ಊರಿನವರೇ ಕೊಡುತ್ತೇವೆ. ಸಾಧ್ಯವಾದರೆ ಜುಲೈ ತಿಂಗಳ ಒಂದು ದಿನ, ಆಟದ ಪೀರಿಯಡ್ಡಿನ ಹೊತ್ತಿಗೆ, ಮುಂಚಿತವಾಗಿ ತಿಳಿಸದೆಯೇ ಈ ಕಡೆಯ ಯಾವುದಾದರೂ ಸಣ್ಣ ಶಾಲೆಗೆ ಬಂದು ಮಕ್ಕಳ ಜೊತೆ ಅರ್ಧ ಗಂಟೆ ಕೂತು ಹೋಗಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ಪೋಷಕ ಮತ್ತು ಎಸ್‌ಡಿಎಂಸಿ ಸದಸ್ಯ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ