ಕ್ಯಾಲರಿ ಲೆಕ್ಕ ಬರೀ ಸೂತ್ರಕ್ಕೆ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಮೈಟೋಕಾಂಡ್ರಿಯಾ ಕಾಯಿಲೆಯ ವಯಸ್ಕರಿಗೆ ‘ನಿಶ್ಶಕ್ತಿ ತಾನೇ, ಚೆನ್ನಾಗಿ ತಿನ್ನಿ’ ಎನ್ನುವವರೇ ಹೆಚ್ಚು. ಇಂಥವರಿಗೆ ಡಯಟ್ ಚಾರ್ಟ್ ಬರೆಯುವ ನನಗೆ ಈ ಮಾತು ಕೇಳಿದಾಗಲೆಲ್ಲ ಕಳವಳವಾಗುತ್ತದೆ. ತಿಂದದ್ದನ್ನು ಶಕ್ತಿಯಾಗಿಸುವ ಮೈಟೋಕಾಂಡ್ರಿಯಾ ಎಂಬ ವ್ಯವಸ್ಥೆಯೇ ಜೀವಕೋಶದಲ್ಲಿ ಕೆಟ್ಟಿರುವಾಗ ತಟ್ಟೆಗೆ ಇನ್ನಷ್ಟು ಬಡಿಸಿದ ಮಾತ್ರಕ್ಕೆ ಆಯಾಸ ಹೋಗದು. ಕೊಬ್ಬು ಸೇರುತ್ತದೆ, ಈ ಕಾಯಿಲೆಯೊಂದಿಗೆ ಹಲವರಿಗೆ ಬರುವ ಮಧುಮೇಹವೂ ಹತೋಟಿ ತಪ್ಪಬಹುದು.

ಲೆಕ್ಕ ಎಲ್ಲಿ ಜಾರುತ್ತದೆ ನೋಡಿ. 40 ವರ್ಷದ, 50 ಕೆ.ಜಿ. ತೂಕದ, 160 ಸೆಂ.ಮೀ. ಎತ್ತರದ ಮಹಿಳೆಗೆ 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಹಾಕಿದರೆ, ಸುಮ್ಮನೆ ಮಲಗಿದ್ದರೂ ದಿನಕ್ಕೆ 1,139 ಕಿಲೋಕ್ಯಾಲರಿ ಖರ್ಚು. ಇದನ್ನು ಓಡಾಟದ ಗುಣಕದಿಂದ ಗುಣಿಸಬೇಕು. ಕುಳಿತೇ ಇರುವವರೆಂದು 1.2 ಹಾಕಿದರೆ 1,367; ಸಾಕಷ್ಟು ಓಡಾಟವಿದೆ ಎಂದುಕೊಂಡು 1.6 ಹಾಕಿದರೆ 1,822. ಹತ್ತಿರಹತ್ತಿರ ಒಂದು ಹೊತ್ತಿನ ಊಟದಷ್ಟು ವ್ಯತ್ಯಾಸ! ಸ್ನಾನ ಮುಗಿಸಿ ಬಂದು ಮತ್ತೆ ಮಲಗಬೇಕಾದವರ ಗುಣಕವನ್ನು ‘ಕೆಲಸಕ್ಕೆ ಹೋಗುತ್ತೀರಾ?’ ಎಂಬ ಒಂದೇ ಪ್ರಶ್ನೆಯಿಂದ ತೀರ್ಮಾನಿಸುವುದು ಅನ್ಯಾಯ.

ಆ ಮೊದಲ ಸಂಖ್ಯೆಯನ್ನೂ ಪೂರ್ತಿ ನಂಬುವಂತಿಲ್ಲ. ಈ ಸೂತ್ರ ಆರೋಗ್ಯವಂತರನ್ನು ಅಳೆದು ಕಟ್ಟಿದ್ದು. 50 ಕೆ.ಜಿ.ಯಲ್ಲಿ ಸ್ನಾಯು ಎಷ್ಟು, ಕೊಬ್ಬೆಷ್ಟು ಎಂದು ಅದು ಕೇಳುವುದಿಲ್ಲ. ಸ್ನಾಯು ಸವೆದವರಲ್ಲಿ ನಿಜವಾದ ಖರ್ಚು ಕಡಿಮೆ ಇರಬಹುದು. ತದ್ವಿರುದ್ಧವೂ ಉಂಟು. 1962ರಲ್ಲಿ ಸ್ವೀಡನ್ನಿನ ವೈದ್ಯ ರೋಲ್ಫ್ ಲುಫ್ಟ್ ಮತ್ತು ಸಂಗಡಿಗರು ವರದಿ ಮಾಡಿದ, ಮೈಟೋಕಾಂಡ್ರಿಯಾ ಕಾಯಿಲೆಯ ಮಹಿಳೆಗೆ ಥೈರಾಯ್ಡ್ ಸರಿಯಾಗಿದ್ದರೂ ವಿಶ್ರಾಂತಿಯಲ್ಲೇ ವಿಪರೀತ ಶಕ್ತಿ ಖರ್ಚಾಗುತ್ತಿತ್ತು. ಅದು ಅತಿ ವಿರಳ, ನಿಜ. ಆದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಳೆಯುವ ದಾರಿ ಇದೆ: ಇನ್‌ಡೈರೆಕ್ಟ್ ಕ್ಯಾಲೋರಿಮೆಟ್ರಿ. ತಲೆಯ ಮೇಲೆ ಪಾರದರ್ಶಕ ಮುಚ್ಚಳವಿಟ್ಟು, ಮಾತಾಡದೆ, ನಿದ್ದೆಗೂ ಜಾರದೆ ಮಲಗಿದರೆ ಸಾಕು. ಬಳಸಿದ ಆಮ್ಲಜನಕ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಅಳೆದು ಯಂತ್ರ ಖರ್ಚನ್ನು ಲೆಕ್ಕ ಹಾಕುತ್ತದೆ. ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕು. ಉಪವಾಸ ತಡೆಯದವರಿದ್ದಾರೆ, ಆದ್ದರಿಂದ ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು.

ಯಂತ್ರವಿಲ್ಲದ ಕಡೆ ಸೂತ್ರವೇ ಗತಿ. ಆಗ ತೂಕವನ್ನು ಆಗಾಗ ನೋಡಿ ಚಾರ್ಟ್ ತಿದ್ದುತ್ತಿರಬೇಕು. ಬರೆದುಕೊಟ್ಟಷ್ಟು ಹೊಟ್ಟೆಗೆ ಇಳಿಯುತ್ತಿದೆಯೇ ಎಂದೂ ವಿಚಾರಿಸಬೇಕು. ಅಗಿಯುವುದರಲ್ಲೇ ಸುಸ್ತಾಗುವವರು, ನುಂಗಲು ಕಷ್ಟಪಡುವವರು, ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುವವರು ಇವರಲ್ಲಿ ಬಹಳ.

ವೃತ್ತಿಬಾಂಧವರಲ್ಲಿ ನನ್ನ ಕೋರಿಕೆ ಇಷ್ಟೆ: ಚಾರ್ಟ್‌ನಲ್ಲಿ ಕ್ಯಾಲರಿಯ ಪಕ್ಕದಲ್ಲಿ ಅದು ಅಳೆದದ್ದೋ ಅಂದಾಜೋ, ಯಾವ ಗುಣಕ ಹಾಕಿದ್ದೀರಿ ಎಂಬುದನ್ನೂ ಬರೆಯಿರಿ. ಮುಂದೆ ನೋಡುವವರಿಗೆ ಎಲ್ಲಿ ತಿದ್ದಬೇಕೆಂದು ತಿಳಿಯುತ್ತದೆ.

– ಒಬ್ಬ ಡಯೆಟಿಷಿಯನ್