ಶಿಬಿರದಲ್ಲಿ ಸಿಕ್ಕ ನಂಬಿಕೆ

ಮಾನ್ಯರೇ,

ನಿರಾಶ್ರಿತರು ಮತ ಬದಲಿಸಿದರೆ ‘ಅನ್ನಕ್ಕಾಗಿ’ ಎಂದು ಷರಾ ಬರೆದುಬಿಡುವವರು ನಮ್ಮ ಶಿರಸಿಯಲ್ಲೂ ಇದ್ದಾರೆ. ಅವರು ದಕ್ಷಿಣ ಸುಡಾನಿನ ಏಬ್ರಹಾಂ ನ್ಹಿಯಾಲ್ ಅವರ ಬದುಕನ್ನು ಗಮನಿಸಬೇಕು. 1980ರ ದಶಕದ ಅಂತರ್ಯುದ್ಧದಲ್ಲಿ ಮನೆಯವರಿಂದ ಬೇರ್ಪಟ್ಟು, ಸಾವಿರಾರು ಹುಡುಗರೊಂದಿಗೆ ಕಾಲ್ನಡಿಗೆಯಲ್ಲೇ ಇಥಿಯೋಪಿಯಾ ಸೇರಿದ ಬಾಲಕ ಅವರು. ಕ್ರೈಸ್ತ ನಂಬಿಕೆ ದಕ್ಕಿದ್ದು ಅಲ್ಲಿನ ಶಿಬಿರದಲ್ಲಿ. 1991ರಲ್ಲಿ ಅಲ್ಲಿಂದಲೂ ಓಡಿಸಿದರು. ಗಿಲೋ ನದಿ ದಾಟುವಾಗ ಎಷ್ಟೋ ಹುಡುಗರು ಮುಳುಗಿದರು, ಗುಂಡಿಗೆ ಬಲಿಯಾದರು. ಮುಂದೆ ಕೆನ್ಯಾದ ಕಾಕುಮಾ ಶಿಬಿರ, ಆಮೇಲೆ ಅಮೆರಿಕ. ಅಲ್ಲೇ ಹಾಯಾಗಿ ಉಳಿಯಬಹುದಿತ್ತು. ಪಾದ್ರಿಯಾಗಿ ಯುದ್ಧದಿಂದ ನಲುಗಿದ ತಾಯ್ನಾಡಿಗೆ ಮರಳಿ, ಅವೇಲ್‌ನ ಬಿಷಪ್ ಆದರು. ಇದು ಅನ್ನದ ಲೆಕ್ಕಾಚಾರವೇ? ಮುಂಡಗೋಡಿನ ಟಿಬೆಟನ್ನರು 1966ರಿಂದ ತಮ್ಮ ಧರ್ಮ ಉಳಿಸಿಕೊಂಡದ್ದನ್ನು ಹೊಗಳುವ ನಾವು, ಇನ್ನೊಬ್ಬ ನಿರಾಶ್ರಿತ ಹೊಸದೊಂದನ್ನು ಕಂಡುಕೊಂಡರೆ ಅನುಮಾನಿಸುವುದೇಕೆ?

– ಓರ್ವ ಓದುಗ, ಶಿರಸಿ